ಅಂಟಿಲ್ಲದೆ ನಿಂತ ಘನಗಳು

ಕಾಗದಕ್ಕೂ ದಪ್ಪವಿದೆ ಎಂಬ ಸಂಗತಿಯನ್ನು ರೇಖಾಗಣಿತದ ಪುಸ್ತಕಗಳು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಅಲ್ಲಿ ಸಮತಲಕ್ಕೆ ಉದ್ದ ಇದೆ, ಅಗಲ ಇದೆ, ಅಷ್ಟೇ. ಮೂವತ್ತು ತುಂಡು ಕಾಗದ ಮಡಿಸಿ ಒಂದಕ್ಕೊಂದು ಸಿಕ್ಕಿಸುತ್ತಾ ಕೂತವರಿಗೆ ಮಾತ್ರ ಆ ಮೂರನೆಯ ಅಳತೆ ಬೆರಳಿಗೆ ಸಿಗುತ್ತದೆ. ಮೊದಲ ಮಡಿಕೆಯಲ್ಲಿ ಕೂದಲೆಳೆಯಷ್ಟು ವಾರೆ ಬಂದದ್ದು ಮೂವತ್ತನೆಯ ತುಂಡಿನ ಹೊತ್ತಿಗೆ ಬಾಯಿ ಬಿಟ್ಟು ನಿಲ್ಲುತ್ತದೆ. ನಾನು ಮಲೆನಾಡಿನ ಸರ್ಕಾರಿ ಪ್ರೌಢಶಾಲೆಗಳಲ್ಲಿ ಗಣಿತ ಪಾಠ ಮಾಡಿ ನಿವೃತ್ತನಾದವನು. ಇಷ್ಟು ವರ್ಷದ ಕಸುಬಿನಲ್ಲಿ ಯಾವುದು ನಿಜವಾಗಿ ಕೈಗೆ ಹತ್ತಿತು ಎಂದು ಯಾರಾದರೂ ಕೇಳಿದರೆ, ಪ್ರಮೇಯಗಳಿಗಿಂತ ಮೊದಲು ಈ ಕಾಗದದ ಘನಾಕೃತಿಗಳೇ ನೆನಪಾಗುತ್ತವೆ.

ನಾನು ಓದಿದ ಹೈಸ್ಕೂಲಿನಲ್ಲೂ ಘನಾಕೃತಿಗಳಿದ್ದವು. ಮರದಲ್ಲಿ ಮಾಡಿ ವಾರ್ನಿಷ್ ಬಳಿದ ಆ ಮಾದರಿಗಳನ್ನು ಹೆಡ್‌ಮಾಸ್ಟರ ಕೋಣೆಯ ಗಾಜಿನ ಬೀರುವಿನಲ್ಲಿ ಇಟ್ಟಿದ್ದರು, ಬೀರುವಿಗೆ ಬೀಗವಿತ್ತು. ಇನ್‌ಸ್ಪೆಕ್ಟರು ಬರುವ ದಿನ ಜವಾನ ಅವುಗಳ ಧೂಳು ಒರೆಸುತ್ತಿದ್ದ. ನಮಗೆ ಸಿಕ್ಕಿದ್ದು ಕಪ್ಪುಹಲಗೆಯ ಮೇಲಿನ ಕೋಷ್ಟಕ ಮಾತ್ರ. ಚತುರ್ಮುಖ ಘನಕ್ಕೆ 4 ಮುಖ, 4 ಶೃಂಗ, 6 ಅಂಚು. ಷಣ್ಮುಖಕ್ಕೆ 6, 8, 12. ಅಷ್ಟಮುಖಕ್ಕೆ 8, 6, 12. ದ್ವಾದಶಮುಖಕ್ಕೆ 12, 20, 30. ವಿಂಶತಿಮುಖಕ್ಕೆ 20, 12, 30. ಮುಖಕ್ಕೆ ಶೃಂಗ ಕೂಡಿಸಿದರೆ ಅಂಚಿಗಿಂತ ಎರಡು ಹೆಚ್ಚು ಬರುತ್ತದೆ ಎಂಬ ಆಯ್ಲರನ ಸೂತ್ರವನ್ನೂ ಸೇರಿಸಿ ಗಟ್ಟು ಹೊಡೆದರೆ ಪರೀಕ್ಷೆಯಲ್ಲಿ ಎರಡು ಅಂಕ ಖಾತ್ರಿ. ಎಲ್ಲ ಮುಖಗಳೂ ಒಂದೇ ತೆರನಾದ ನಿಯಮಿತ ಘನಗಳು ಐದೇ ಏಕೆ, ಆರನೆಯದು ಯಾಕಿಲ್ಲ ಎಂದು ನಾವೂ ಕೇಳಲಿಲ್ಲ, ಮೇಷ್ಟರೂ ಹೇಳಲಿಲ್ಲ.

ಮೇಷ್ಟರಾದ ಮೇಲೆ ನಾನು ಮೊದಲು ಮಾಡಿಸಿದ್ದು ಎಲ್ಲರೂ ಮಾಡಿಸುವುದನ್ನೇ. ಡ್ರಾಯಿಂಗ್ ಶೀಟಿನ ಮೇಲೆ ಜಾಲಾಕೃತಿ ಬರೆದು, ಕತ್ತರಿಸಿ, ಅಂಚಿನ ಪಟ್ಟಿಗೆ ಮೈದಾ ಅಂಟು ಹಚ್ಚಿ ಮುಚ್ಚುವುದು. ಇದಕ್ಕೆ ದೊಡ್ಡ ಪರಂಪರೆಯೇ ಇದೆ. ಜರ್ಮನಿಯ ಚಿತ್ರಕಾರ ಆಲ್ಬ್ರೆಕ್ಟ್ ಡ್ಯೂರರ್ 1525ರಲ್ಲಿ ಪ್ರಕಟಿಸಿದ ಪುಸ್ತಕದಲ್ಲೇ ಘನಗಳನ್ನು ಬಿಡಿಸಿ ಹಾಸಿದ ಇಂಥ ಚಿತ್ರಗಳಿವೆ. ಮ್ಯಾಗ್ನಸ್ ವೆನ್ನಿಂಜರ್ ಎಂಬ ಬೆನೆಡಿಕ್ಟೈನ್ ಸನ್ಯಾಸಿ ಬಹಾಮಾಸ್‌ನಲ್ಲಿ ಗಣಿತ ಕಲಿಸುತ್ತಾ, ಕತ್ತರಿ ಮತ್ತು ಅಂಟಿನಿಂದಲೇ ಅತಿ ಜಟಿಲವಾದ ನಕ್ಷತ್ರ ಘನಗಳನ್ನೂ ಕಟ್ಟಿದರು. 1971ರಲ್ಲಿ ಅದರ ಕೈಪಿಡಿಯನ್ನೂ ತಂದರು. ಆದರೆ ವೆನ್ನಿಂಜರರ ತಾಳ್ಮೆ ಒಂಬತ್ತನೇ ತರಗತಿಯ ಪೀರಿಯಡ್ಡಿಗೆ ಎಲ್ಲಿಂದ ಬರಬೇಕು? ದ್ವಾದಶಮುಖದ ಕೊನೆಯ ಮುಖ ಮುಚ್ಚುವಾಗ ಒಳಗಿನಿಂದ ಒತ್ತಿ ಹಿಡಿಯಲು ಬೆರಳು ಹೋಗುವುದಿಲ್ಲ. ಜುಲೈ ಮಳೆಯಲ್ಲಿ ಅಂಟು ಒಣಗುವುದಿಲ್ಲ. ಒಣಗಿದರೆ ಜಿರಲೆ ಬಿಡುವುದಿಲ್ಲ. ಇದಕ್ಕಿಂತ ದೊಡ್ಡ ತೊಡಕು ಬೇರೆಯೇ ಇತ್ತು. ಜಾಲಾಕೃತಿಯನ್ನು ಯೋಚಿಸಿ ಬರೆದವರು ಯಾರೋ, ಹಲಗೆಯ ಮೇಲೆ ಇಳಿಸಿದವನು ನಾನು. ಮಕ್ಕಳದು ಗೆರೆಯ ಮೇಲೆ ಕತ್ತರಿ ಆಡಿಸುವ ಕೆಲಸ. ಐದೂ ಮಾದರಿ ಮೇಜಿನ ಮೇಲೆ ಬಂದು ಕೂತವು, ಐದೇ ಏಕೆ ಎಂಬ ಪ್ರಶ್ನೆ ಮಾತ್ರ ಯಾರ ಬಾಯಲ್ಲೂ ಬರಲಿಲ್ಲ.

ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೆ ಪುಸ್ತಕದ ಅಂಗಡಿಯೊಂದರಲ್ಲಿ ಸಿಕ್ಕ ತೆಳ್ಳನೆಯ ಪುಸ್ತಕ ನನ್ನ ಪಾಠದ ಜಾಡನ್ನೇ ಬದಲಿಸಿತು. ಅದು ಟಿ. ಸುಂದರ ರಾವ್ ಅವರ ‘ಜಿಯೊಮೆಟ್ರಿಕ್ ಎಕ್ಸರ್‌ಸೈಸಸ್ ಇನ್ ಪೇಪರ್ ಫೋಲ್ಡಿಂಗ್’. ಮೊದಲು ಅಚ್ಚಾದದ್ದು 1893ರಲ್ಲಿ, ಮದರಾಸಿನಲ್ಲಿ. ಜರ್ಮನಿಯ ಹೆಸರಾಂತ ಗಣಿತಜ್ಞ ಫೆಲಿಕ್ಸ್ ಕ್ಲೈನ್ ತಮ್ಮ ಪುಸ್ತಕವೊಂದರಲ್ಲಿ ಇದರ ಪ್ರಸ್ತಾಪ ಮಾಡಿದರು. ಕ್ಲೈನರ ಆ ಪುಸ್ತಕವನ್ನು ಇಂಗ್ಲಿಷಿಗೆ ತಂದ ಅಮೆರಿಕದ ಬೀಮನ್ ಮತ್ತು ಸ್ಮಿತ್, 1901ರಲ್ಲಿ ಸುಂದರ ರಾಯರ ಪುಸ್ತಕವನ್ನೂ ಷಿಕಾಗೋದಿಂದ ಹೊರತಂದರು. ಶಿಶುವಿಹಾರದ ಮಕ್ಕಳಿಗೆಂದು ಇದ್ದ ಕಾಗದ ಮಡಿಸುವ ಆಟದಿಂದ ತಮಗೆ ಈ ಯೋಚನೆ ಹೊಳೆಯಿತು ಎಂದು ರಾಯರೇ ಹೇಳಿಕೊಂಡಿದ್ದಾರೆ. ಉಪಕರಣ ಏನೂ ಬೇಡ, ಒಂದು ಚಾಕು ಮತ್ತು ಕಾಗದದ ಚೂರುಗಳಿದ್ದರೆ ಸಾಕು ಎಂಬುದು ಅವರ ಭರವಸೆ. ಚೌಕದಿಂದ ಶುರುಮಾಡಿ, ಸಮಬಾಹು ತ್ರಿಭುಜ, ಪಂಚಭುಜ, ಷಡ್ಭುಜಗಳನ್ನು ದಾಟಿ, ಪರವಲಯದಂಥ ವಕ್ರರೇಖೆಗಳವರೆಗೆ ಬರೀ ಮಡಿಕೆಯಲ್ಲೇ ಅವರು ಕರೆದೊಯ್ಯುತ್ತಾರೆ.

ಮಡಿಸುವುದು ಮಕ್ಕಳಾಟ, ಕೈವಾರದ ಕೆಲಸವೇ ಗಟ್ಟಿ ಗಣಿತ ಎಂದು ಮೂಗು ಮುರಿಯುವವರಿಗೆ ನಾನು ಒಂದು ಮಾತು ಹೇಳುತ್ತಿದ್ದೆ. ಕೊಟ್ಟ ಘನದ ಎರಡರಷ್ಟು ಗಾತ್ರದ ಘನವನ್ನು ಕಟ್ಟುವುದು ಗ್ರೀಕರ ಕಾಲದ ಸವಾಲು. ಕೈವಾರ ಮತ್ತು ಅಳತೆಯಿಲ್ಲದ ಪಟ್ಟಿಯಿಂದ ಅದು ಆಗುವುದೇ ಇಲ್ಲ ಎಂದು ಫ್ರಾನ್ಸಿನ ವಾಂಟ್ಸೆಲ್ 1837ರಲ್ಲಿ ಸಾಧಿಸಿ ತೋರಿಸಿದ. ಕಾಗದದ ಮಡಿಕೆಯಿಂದ ಅದು ಆಗುತ್ತದೆ ಎಂದು ಇಟಲಿಯ ಮಾರ್ಗರಿಟಾ ಬೆಲೋಕ್ 1936ರಲ್ಲಿ ತೋರಿಸಿಕೊಟ್ಟರು. ಕೈವಾರ ಸೋತ ಕಡೆ ಕಾಗದ ಗೆದ್ದಿದೆ.

ಹಾಗೆಂದು ತರಗತಿಯಲ್ಲಿ ಅಷ್ಟು ದೂರ ಹೋಗಬೇಕಿಲ್ಲ. ಚೌಕ ಕಾಗದವನ್ನು ಉದ್ದಕ್ಕೆ ನಡುವೆ ಮಡಿಸಿ ಬಿಡಿಸಿ. ಕೆಳಗಿನ ಎಡ ಮೂಲೆ ಕದಲದ ಹಾಗೆ ಒತ್ತಿ ಹಿಡಿದು, ಬಲ ಮೂಲೆಯನ್ನು ಎತ್ತಿ ಆ ನಡುಗೆರೆಯ ಮೇಲೆ ತಂದು ಕೂರಿಸಿ. ಅದು ಮುಟ್ಟಿದ ಬಿಂದುವೇ ಸಮಬಾಹು ತ್ರಿಭುಜದ ತುದಿ. ಮಡಿಸಿದರೆ ಕಾಗದದ ಬಾಹು ಉದ್ದವಾಗುವುದೂ ಇಲ್ಲ, ಗಿಡ್ಡವಾಗುವುದೂ ಇಲ್ಲ. ಸಾಧನೆ ಅಷ್ಟರಲ್ಲೇ ಮುಗಿಯಿತು. ಪಂಚಭುಜ ಇನ್ನೂ ಸುಲಭ. ಒಂದೇ ಅಗಲದ ಕಾಗದದ ಪಟ್ಟಿಯನ್ನು ಸಾದಾ ಗಂಟು ಹಾಕಿ, ಮೆಲ್ಲಗೆ ಎಳೆದು, ಚಪ್ಪಟೆ ಒತ್ತಿದರೆ ನಿಯಮಿತ ಪಂಚಭುಜ ಎದ್ದು ಬರುತ್ತದೆ. ಲಗ್ನಪತ್ರಿಕೆ ಅಚ್ಚು ಹಾಕುವ ಪೇಟೆಯ ಪ್ರೆಸ್ಸಿನವರು ಕಟಿಂಗ್ ಮಷಿನ್ನಿನ ಅಡಿ ಬೀಳುವ ಪಟ್ಟಿಗಳನ್ನು ಚೀಲಗಟ್ಟಲೆ ಕೊಡುತ್ತಿದ್ದರು. ನಮ್ಮ ತರಗತಿಯ ಪಂಚಭುಜಗಳಲ್ಲಿ ಅರಿಶಿನದ ಬಣ್ಣವೂ ಚಿನ್ನದ ಅಂಚೂ ಸಹಜವಾಗಿಯೇ ಇರುತ್ತಿದ್ದವು.

ಹೀಗೆ ಕೈಯಲ್ಲಿ ತ್ರಿಭುಜ, ಚೌಕ, ಪಂಚಭುಜ, ಷಡ್ಭುಜಗಳ ರಾಶಿ ಬಿದ್ದ ಮೇಲೆ ಪ್ರಶ್ನೆಯನ್ನು ನಾನು ಎತ್ತಬೇಕಾಗಲಿಲ್ಲ. ಒಂದು ಬಿಂದುವಿನ ಸುತ್ತ ಮೂರು ತ್ರಿಭುಜ ಸೇರಿಸಿ ಅಂಚು ಕೂಡಿಸಿದರೆ ಚೂಪಾದ ಶಿಖರ ಏಳುತ್ತದೆ. ನಾಲ್ಕು ಸೇರಿಸಿದರೆ ಸ್ವಲ್ಪ ಅಗಲ, ಐದು ಸೇರಿಸಿದರೆ ಇನ್ನೂ ತಗ್ಗು. ಆರನೆಯದನ್ನು ಸೇರಿಸಿದರೆ ಆರು ಅರವತ್ತು ಮುನ್ನೂರ ಅರವತ್ತು. ಶಿಖರವೇ ಇಲ್ಲ, ಕಾಗದ ಮೇಜಿನ ಮೇಲೆ ಮಲಗುತ್ತದೆ. ಚೌಕ ಮೂರಾದರೆ ಏಳುತ್ತದೆ, ನಾಲ್ಕಾದರೆ ಮಲಗುತ್ತದೆ. ಪಂಚಭುಜ ಮೂರಕ್ಕೆ 324 ಡಿಗ್ರಿ, ಕಷ್ಟಪಟ್ಟು ಏಳುತ್ತದೆ. ಷಡ್ಭುಜ ಮೂರಕ್ಕೇ ಮಲಗಿ ನೆಲಹಾಸಾಗುತ್ತದೆ. ಏಳುವ ಬಗೆಗಳನ್ನು ಎಣಿಸಿ ನೋಡಿ: ತ್ರಿಭುಜದಲ್ಲಿ ಮೂರು, ಚೌಕದಲ್ಲಿ ಒಂದು, ಪಂಚಭುಜದಲ್ಲಿ ಒಂದು. ಐದು ಮುಗಿಯಿತು. ಯೂಕ್ಲಿಡ್ ತನ್ನ ಹದಿಮೂರನೆಯ ಸಂಪುಟದ ಕೊನೆಗೆ ಇಟ್ಟ ಮಾತನ್ನು ಹದಿನಾಲ್ಕರ ಹುಡುಗರು ಬೆಲ್ ಹೊಡೆಯುವ ಮೊದಲೇ ಹೇಳಿಬಿಡುತ್ತಿದ್ದರು. ಯಾರೂ ಅವರಿಗೆ ಹೇಳಿಕೊಡದಿದ್ದ ಮಾತು ಅದು.

ಅಲ್ಲಿಂದ ಒಂದು ಹೆಜ್ಜೆ ಮುಂದೆ ಹೋದರೆ ಇನ್ನೂ ಸೊಗಸಾದ ಲೆಕ್ಕವಿದೆ. ಒಂದೊಂದು ಮೂಲೆಯಲ್ಲೂ 360 ಡಿಗ್ರಿಗೆ ಎಷ್ಟು ಕಡಿಮೆ ಬಿತ್ತು ಎಂದು ನೋಡುವುದು. ಷಣ್ಮುಖ ಘನದ ಮೂಲೆಗೆ 90 ಕಡಿಮೆ, ಮೂಲೆ ಎಂಟು, ಒಟ್ಟು 720. ಚತುರ್ಮುಖದಲ್ಲಿ 180 ಕಡಿಮೆ, ಮೂಲೆ ನಾಲ್ಕು, ಮತ್ತೆ 720. ಅಷ್ಟಮುಖದಲ್ಲಿ 120 ಗುಣಿಲೆ 6, ವಿಂಶತಿಮುಖದಲ್ಲಿ 60 ಗುಣಿಲೆ 12, ದ್ವಾದಶಮುಖದಲ್ಲಿ 36 ಗುಣಿಲೆ 20. ಎಲ್ಲಕ್ಕೂ ಉತ್ತರ 720. ಇದನ್ನು ಕಂಡುಕೊಂಡವನು ಹದಿನೇಳನೆಯ ಶತಮಾನದ ಡೆಕಾರ್ಟ್. ಅವನ ಬರಹ ಕಳೆದುಹೋಗಿ, ಲೈಬ್ನಿಟ್ಸ್ ಮಾಡಿಕೊಂಡಿದ್ದ ನಕಲು ಹತ್ತೊಂಬತ್ತನೆಯ ಶತಮಾನದಲ್ಲಿ ಬೆಳಕಿಗೆ ಬಂತು. ನನ್ನ ತರಗತಿಯ ಹುಡುಗನೊಬ್ಬ ಇದನ್ನು ತನ್ನದೇ ಮಾತಿನಲ್ಲಿ ಹೇಳಿದ: “ಸಾರ್, ಮೂಲೆ ಜಾಸ್ತಿ ಆದಂಗೆ ಒಂದೊಂದಕ್ಕೂ ಪಾಲು ಕಮ್ಮಿ ಬರುತ್ತೆ. ಅದಕ್ಕೇ ಇದು ಚೆಂಡಿನ ಥರ ಕಾಣೋದು.” ದ್ವಾದಶಮುಖ ಯಾಕೆ ದುಂಡಗಿದೆ ಎಂಬುದಕ್ಕೆ ಇದಕ್ಕಿಂತ ಚೊಕ್ಕ ವಿವರಣೆ ನನಗೆ ಇನ್ನೂ ಸಿಕ್ಕಿಲ್ಲ.

ಮುಖಗಳನ್ನು ಮಡಿಸಿದ್ದಾಯಿತು, ಅವನ್ನು ಕೂಡಿಸಲು ಅಂಟು ಬೇಕೇ ಬೇಕಲ್ಲ ಎಂಬ ತಕರಾರು ಉಳಿದಿತ್ತು. ಅದನ್ನು ಬಗೆಹರಿಸಿದ್ದು ಜಪಾನಿನ ಮಿತ್ಸುನೊಬು ಸೊನೊಬೆ ಅವರ ಹೆಸರಿನ ಒಂದು ತುಂಡು. ಬೇಸಿಗೆಯ ಶಿಕ್ಷಕರ ಶಿಬಿರವೊಂದರಲ್ಲಿ ಯಾರೋ ಮಡಿಸಿ ತೋರಿಸಿದ್ದನ್ನು ನಾನು ಜೇಬಿನಲ್ಲಿಟ್ಟುಕೊಂಡು ಬಂದೆ. ಚೌಕದ ಎರಡು ಅಂಚನ್ನು ನಡುಗೆರೆಗೆ ತಂದು, ಎದುರುಬದುರಿನ ಮೂಲೆಗಳನ್ನು ಓರೆಯಾಗಿ ಮಡಿಸಿ ಒಳಗೆ ತೂರಿಸಿದರೆ ಒಂದು ಸಮಾಂತರ ಚತುರ್ಭುಜ ಆಗುತ್ತದೆ. ಅದರ ಎರಡು ತುದಿಗೆ ಎರಡು ಕಿವಿ, ನಡುವೆ ಎರಡು ಜೇಬು. ಒಂದರ ಕಿವಿ ಇನ್ನೊಂದರ ಜೇಬಿಗೆ ಹೋಗುತ್ತದೆ, ಇನ್ನೊಂದರದು ಮತ್ತೊಂದಕ್ಕೆ. ಕೊನೆಯ ಕಿವಿ ಕೊನೆಯ ಜೇಬಿಗೆ ಹೊಕ್ಕಾಗ ಇಡೀ ಆಕೃತಿ ಒಮ್ಮೆ ಬಿಗಿದುಕೊಂಡು ಗಟ್ಟಿಯಾಗುತ್ತದೆ. ಅದುವರೆಗೆ ಜೋಲಾಡುತ್ತಿದ್ದದ್ದು ಮೇಜಿನ ಮೇಲೆ ಇಟ್ಟರೆ ನಿಲ್ಲುತ್ತದೆ.

ಮೊದಲ ಸಲ ಇದನ್ನು ತರಗತಿಗೆ ತಂದ ದಿನ ಹುಡುಗಿಯೊಬ್ಬಳ ತುಂಡು ಯಾರದಕ್ಕೂ ಹೊಂದಲಿಲ್ಲ. “ಸಾರ್, ನಂದು ಸಿಕ್ಕಾಕ್ಕೊಳ್ತಾನೇ ಇಲ್ಲ” ಎಂದಳು. ಪಕ್ಕದವಳು ಥಟ್ಟನೆ, “ಅವಳು ಎಡಗೈಲಿ ಮಡಚೋದು ಸಾರ್, ಅದಕ್ಕೇ” ಎಂದಳು. ತೆಗೆದು ನೋಡಿದರೆ ಮಡಿಕೆಗಳೆಲ್ಲ ಅಚ್ಚುಕಟ್ಟು, ಆದರೆ ಮೂಲೆಗಳು ಉಳಿದವರಿಗಿಂತ ಉಲ್ಟಾ ದಿಕ್ಕಿಗೆ ತಿರುಗಿದ್ದವು. ಅವಳದನ್ನು ಬಿಚ್ಚಿಸಲು ಮನಸ್ಸಾಗಲಿಲ್ಲ. ಇನ್ನೂ ಐದನ್ನು ಅದೇ ರೀತಿ ಮಡಿಸಿ ತನ್ನದನ್ನೇ ಬೇರೆ ಜೋಡಿಸು ಎಂದೆ. ಎಲ್ಲರದರಷ್ಟೇ ಬಿಗಿಯಾದ ಘನ ಬಂತು. ಎರಡು ತುಂಡನ್ನು ಅಕ್ಕಪಕ್ಕ ಇಟ್ಟರೆ ಒಂದು ಇನ್ನೊಂದರ ಕನ್ನಡಿಯ ಬಿಂಬ. ಎಷ್ಟು ತಿರುಗಿಸಿದರೂ ಒಂದರ ಮೇಲೊಂದು ಕೂರುವುದಿಲ್ಲ. ಅಣುಗಳಲ್ಲೂ ಹೀಗೆ ಎಡ ಬಲದ ಜೋಡಿಗಳಿವೆ, ಸಕ್ಕರೆಯಲ್ಲೂ ಪ್ರೋಟೀನಿನಲ್ಲೂ ಇವೆ ಎಂದು ವಿಜ್ಞಾನದ ಮೇಡಂ ಮುಂದಿನ ಪೀರಿಯಡ್ಡಿನಲ್ಲಿ ಆ ಎರಡೇ ತುಂಡು ಹಿಡಿದು ಪಾಠ ಮಾಡಿದರು.

ಆರು ತುಂಡಿನಿಂದ ಆದದ್ದು ಷಣ್ಮುಖ ಘನ ಎಂದು ಎಲ್ಲರೂ ಒಪ್ಪುತ್ತಾರೆ. ಅದನ್ನು ತಿರುಗಿಸಿ ನೋಡಿದರೆ ಪ್ರತಿ ಮುಖದ ಮೇಲೂ ಓರೆಯಾಗಿ ಒಂದು ಮಡಿಕೆಯ ಗೆರೆ. ಆರು ಮುಖದ ಆರು ಕರ್ಣಗಳನ್ನು ಬೆರಳಲ್ಲಿ ಹಿಂಬಾಲಿಸಿದರೆ ಅವು ಕೂಡಿ ಒಂದು ಚತುರ್ಮುಖ ಘನವಾಗುತ್ತವೆ. ಆಗ ನಾಲ್ಕು ತ್ರಿಭುಜಗಳ ಮೇಲೆ ನಾಲ್ಕು ಗಿಡ್ಡ ಪಿರಮಿಡ್ ಕೂತು ಷಣ್ಮುಖವಾಗಿದೆ ಎಂಬುದು ಕಾಣುತ್ತದೆ. ಒಂದು ತುಂಡು ಅಂದರೆ ಒಳಗಿನ ಘನದ ಒಂದು ಅಂಚು. ಅಂಚು 6 ಆದರೆ ಚತುರ್ಮುಖ. ಹನ್ನೆರಡು ತುಂಡು ತೆಗೆದುಕೊಂಡು ಒಂದು ಬಿಂದುವಿನ ಸುತ್ತ ನಾಲ್ಕು ಪಿರಮಿಡ್ ಇಟ್ಟರೆ ಒಳಗೆ ಅಷ್ಟಮುಖ. ಮೂವತ್ತು ತುಂಡಿನಿಂದ ಬಿಂದುವಿನ ಸುತ್ತ ಐದು ಇಟ್ಟರೆ ವಿಂಶತಿಮುಖ. ಆರು ಪಿರಮಿಡ್ ಇಡಲು ಹೋದವರು ಎಷ್ಟು ತುಂಡು ತಂದರೂ ಮುಗಿಯುವುದಿಲ್ಲ, ಆಕೃತಿ ಚಾಪೆಯಾಗಿ ಬೆಂಚಿನಿಂದ ಬೆಂಚಿಗೆ ಹರಡುತ್ತಾ ಹೋಗುತ್ತದೆ. ಕೋಷ್ಟಕದಲ್ಲಿದ್ದ 6, 12, 30 ಎಂಬ ಅಂಕೆಗಳಿಗೆ ನಾನು ಮೊದಲು ಬೆಲೆ ಕಂಡದ್ದು ಇಲ್ಲಿ: ಎಷ್ಟು ಕಾಗದ ಹರಿಯಬೇಕು ಎಂಬ ಲೆಕ್ಕವೇ ಅದು.

ಮೂವತ್ತು ತುಂಡಿನ ಆಕೃತಿಯಲ್ಲಿ ಬಣ್ಣದ ಪಂತ ಬಂತು. ಕೆಂಪು, ಹಳದಿ, ನೀಲಿ ಹತ್ತು ಹತ್ತು ತುಂಡು. ಪ್ರತಿ ಪಿರಮಿಡ್ಡಿನಲ್ಲೂ ಮೂರೂ ಬಣ್ಣ ಬರಬೇಕು. ಕಣ್ಣಳತೆಯಲ್ಲಿ ಜೋಡಿಸಿಕೊಂಡು ಹೋದವರು ಕೊನೆಯ ನಾಲ್ಕೈದು ತುಂಡಿನ ಹೊತ್ತಿಗೆ ಸಿಕ್ಕಿಬಿದ್ದು ಎಲ್ಲ ಬಿಚ್ಚುತ್ತಿದ್ದರು. ಇದರ ಬೀಗದ ಕೈ ಇರುವುದು ಐರ್ಲೆಂಡಿನ ವಿಲಿಯಂ ಹ್ಯಾಮಿಲ್ಟನ್ 1857ರಲ್ಲಿ ಜನರ ಮುಂದಿಟ್ಟ ಒಂದು ಆಟದಲ್ಲಿ. ದ್ವಾದಶಮುಖದ ಇಪ್ಪತ್ತು ಮೂಲೆಗಳನ್ನು ಇಪ್ಪತ್ತು ಊರೆಂದು ತಿಳಿದು, ಯಾವ ಊರಿಗೂ ಎರಡು ಸಲ ಹೋಗದೆ ಎಲ್ಲವನ್ನೂ ಸುತ್ತಿ ಹೊರಟಲ್ಲಿಗೆ ಬರಬೇಕು. ನಮ್ಮ ಇಪ್ಪತ್ತು ಪಿರಮಿಡ್ಡುಗಳೇ ಆ ಇಪ್ಪತ್ತು ಊರು, ತುಂಡುಗಳೇ ದಾರಿ. ಸುತ್ತುವ ದಾರಿಯ ಇಪ್ಪತ್ತು ತುಂಡಿಗೆ ಒಂದು ಬಿಟ್ಟು ಒಂದು ಕೆಂಪು, ಹಳದಿ ಹಾಕಿ. ಉಳಿದ ಹತ್ತಕ್ಕೂ ನೀಲಿ. ಪ್ರತಿ ಊರಿಗೂ ಬರುವ ದಾರಿ ಒಂದು, ಹೋಗುವ ದಾರಿ ಒಂದು, ಹೋಗದೆ ಬಿಟ್ಟ ದಾರಿ ಒಂದು. ಮೂರೂ ಬಣ್ಣ ತಾನಾಗಿಯೇ ಕೂರುತ್ತವೆ. ಇದನ್ನು ಹಲಗೆಯ ಮೇಲೆ ಬಿಡಿಸಿ ತೋರಿಸಿದ ದಿನ ಹಿಂದಿನ ಬೆಂಚಿನವರೂ ಎದ್ದು ಬಂದು ನಿಂತಿದ್ದರು. ಅವರಲ್ಲಿ ಬಹಳ ಜನ ಬೀಜಗಣಿತದಲ್ಲಿ ಪಾಸಾಗಲು ತಿಣುಕುತ್ತಿದ್ದ ಮಕ್ಕಳು.

ಕಾಗದದ ಅಳತೆಯಲ್ಲೂ ಒಂದು ಘನ ಅಡಗಿ ಕೂತಿದೆ ಎಂಬುದು ತಿಳಿದದ್ದು ಆಮೇಲೆ. ಶಾಲೆಯಲ್ಲಿ ಫುಲ್‌ಸ್ಕೇಪ್ ಹಾಳೆ ಹೋಗಿ ಎ4 ಬಂದಿತ್ತು. ಎ4 ಹಾಳೆಯ ಉದ್ದ 297 ಮಿಲಿಮೀಟರ್, ಅಗಲ 210. ಒಂದನ್ನು ಇನ್ನೊಂದರಿಂದ ಭಾಗಿಸಿದರೆ ಎರಡರ ವರ್ಗಮೂಲ. ಅಡ್ಡಕ್ಕೆ ಅರ್ಧ ಮಾಡಿದರೂ ಇದೇ ಪ್ರಮಾಣ ಉಳಿಯಲಿ ಎಂದೇ ಈ ಅಳತೆ ಇಟ್ಟದ್ದು. ಈ ಹಾಳೆಯ ನಾಲ್ಕು ಬದಿಗಳ ನಡುಬಿಂದುಗಳನ್ನು ಕೂಡಿಸಿ ಮೂಲೆಗಳನ್ನು ಹಿಂದಕ್ಕೆ ಮಡಿಸಿದರೆ ಒಂದು ವಜ್ರಾಕೃತಿ ಸಿಗುತ್ತದೆ. ಅಂಥ ಹನ್ನೆರಡನ್ನು ಮಡಿಸಿ, ಹಿಂದಿನ ಮೂಲೆಗಳನ್ನೇ ಪಟ್ಟಿ ಮಾಡಿಕೊಂಡು ಜೋಡಿಸಿದರೆ 14 ಶೃಂಗ, 24 ಅಂಚಿನ ಒಂದು ಘನ ಬರುತ್ತದೆ. ಇದಕ್ಕೆ ಮಾತ್ರ ಜೆಮ್ ಕ್ಲಿಪ್ಪುಗಳ ಸಹಾಯ ಬೇಕಾಯಿತು. ಫುಲ್‌ಸ್ಕೇಪಿನಲ್ಲಿ ಇದು ಬರುವುದಿಲ್ಲ, ಕೋನ ಹೊಂದುವುದಿಲ್ಲ.

ಈ ಘನ ಐದರ ಪಟ್ಟಿಗೆ ಸೇರದು, ಏಕೆಂದರೆ ಅದರ ಕೆಲವು ಮೂಲೆಗಳಲ್ಲಿ ಮೂರು ಮುಖ, ಕೆಲವದರಲ್ಲಿ ನಾಲ್ಕು. ಆದರೆ ಆ ಐದರಲ್ಲಿ ಷಣ್ಮುಖ ಬಿಟ್ಟರೆ ಉಳಿದವಕ್ಕೆ ಬಾರದ ಒಂದು ವಿದ್ಯೆ ಇದಕ್ಕೆ ಗೊತ್ತು: ಒಂದರ ಪಕ್ಕ ಒಂದು ಪೇರಿಸುತ್ತಾ ಹೋದರೆ ನಡುವೆ ಸಂದೇ ಉಳಿಯದು. ಕೆಪ್ಲರ್ 1611ರಲ್ಲಿ ಹಿಮದ ಹರಳಿನ ಬಗ್ಗೆ ಬರೆದ ಪುಟ್ಟ ಪುಸ್ತಕದಲ್ಲಿ ದಾಳಿಂಬೆಯ ಕಾಳು ಇದೇ ಆಕಾರಕ್ಕೆ ಬರುವುದನ್ನು ಗುರುತಿಸಿದ್ದಾನೆ. ಸಿಪ್ಪೆಯೊಳಗೆ ಜಾಗ ಸಾಲದೆ ದುಂಡನೆಯ ಕಾಳುಗಳು ಒಂದನ್ನೊಂದು ಒತ್ತಿ ಚಪ್ಪಟೆಯಾಗುತ್ತವೆ. ಜೇನುಗೂಡಿನ ಕೋಣೆಯ ತಳದಲ್ಲಿ ಕೂಡುವ ಮೂರು ವಜ್ರಾಕೃತಿಗಳೂ ಇವೇ. ಮಾರನೆಯ ದಿನ ಯಾರೋ ದಾಳಿಂಬೆ ತಂದರು, ಇನ್ಯಾರೋ ತೋಟದಿಂದ ಖಾಲಿ ಜೇನಿನ ಎರಿ ತಂದರು. ಗಣಿತದ ಪೀರಿಯಡ್ಡಿನಲ್ಲಿ ಹಣ್ಣು ಹಂಚಿ ತಿಂದೆವು.

ಈಗ ಮೊಮ್ಮಕ್ಕಳ ಶಾಲೆಯಿಂದ ‘ಪ್ರಾಜೆಕ್ಟ್’ ಎಂದು ಚೀಟಿ ಬರುತ್ತದೆ. ಸ್ಟೇಷನರಿ ಅಂಗಡಿಯಲ್ಲಿ ಥರ್ಮೊಕೋಲಿನ, ಪ್ಲಾಸ್ಟಿಕ್ಕಿನ ಸಿದ್ಧ ಮಾದರಿಗಳು ಸಿಗುತ್ತವೆ. ಅಪ್ಪ ಅಮ್ಮ ಕೊಂಡು ತರುತ್ತಾರೆ, ಮಗು ಹೆಸರು ಬರೆದು ಕೊಡುತ್ತದೆ, ಶಾಲೆ ಅಂಕ ಕೊಡುತ್ತದೆ. ಈ ವಹಿವಾಟಿನಲ್ಲಿ ಯಾರ ಮೇಲೂ ನನಗೆ ಸಿಟ್ಟಿಲ್ಲ. ಎಲ್ಲರಿಗೂ ಹೊತ್ತು ಕಡಿಮೆ. ಆದರೆ ಕೊಂಡ ಮಾದರಿ ನೋಡಲಿಕ್ಕೆ ಚೆಂದ, ಅಷ್ಟೇ. ಅದು ಯಾವುದಕ್ಕೂ ಅಡ್ಡಿ ಹೇಳುವುದಿಲ್ಲ. ಮಡಿಸುವ ಕಾಗದ ಹೇಳುತ್ತದೆ. ಆರನೆಯ ತ್ರಿಭುಜ ಬೇಡ ಎನ್ನುತ್ತದೆ, ಉಲ್ಟಾ ಮಡಿಸಿದ ಕಿವಿಯನ್ನು ಒಳಗೆ ಬಿಡುವುದಿಲ್ಲ, ತಪ್ಪು ಬಣ್ಣ ಇಟ್ಟರೆ ಕೊನೆಯಲ್ಲಿ ಸಿಕ್ಕಿಹಾಕಿಸುತ್ತದೆ. ಹಾಗೆ ಅಡ್ಡಿ ಬಂದ ಕಡೆಯಲ್ಲೇ ಮಗು ಯಾಕೆ ಎಂದು ಕೇಳುತ್ತದೆ. ಮಡಿಸಿದ ಮಾದರಿ ಹೆಚ್ಚು ದಿನ ಬಾಳುವುದಿಲ್ಲ ಎಂಬುದು ನಿಜ. ಮಳೆಗಾಲದ ಥಂಡಿಗೆ ಮೆತ್ತಗಾಗುತ್ತದೆ, ಕೈಯಿಂದ ಕೈಗೆ ಹೋಗಿ ಹರಿಯುತ್ತದೆ. ಹರಿದರೆ ಇನ್ನೊಂದು ಮಡಿಸಿದರಾಯಿತು. ಎರಡನೆಯದು ಹೇಗೂ ಮೊದಲಿನದಕ್ಕಿಂತ ಬಿಗಿಯಾಗಿ ಬರುತ್ತದೆ.

ಪಾಠ ಮಾಡುತ್ತಿರುವ ಮೇಷ್ಟರು, ಮೇಡಂಗಳಲ್ಲಿ ನನ್ನದೊಂದು ಕೋರಿಕೆ. ಘನಾಕೃತಿಗಳ ಅಧ್ಯಾಯ ಬಂದಾಗ ಕೋಷ್ಟಕವನ್ನು ಹಲಗೆಯ ಮೇಲೆ ಬರೆಯಬೇಡಿ. ಮಗುವಿಗೆ ಆರರಂತೆ ಚೌಕ ಕಾಗದ ಕೊಡಿ, ಹಳೆಯ ಉತ್ತರ ಪತ್ರಿಕೆಯಾದರೂ ಆದೀತು. ಒಂದು ಪೀರಿಯಡ್ಡು ಗದ್ದಲಕ್ಕೆ ಬಿಡಿ. ಮುಖ, ಶೃಂಗ, ಅಂಚುಗಳನ್ನು ಮಕ್ಕಳೇ ಎಣಿಸಿ ಬರೆದುಕೊಳ್ಳುತ್ತಾರೆ.